ಕುರ್ಚಿ ಹೋಗುವ ಊರು, ಕುರ್ಚಿ ಹೋಗುವ ಆಟ

ನಾನು ಚಾಮರಾಜನಗರ ಜಿಲ್ಲೆಯವನು ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಬಂಡೀಪುರದಲ್ಲಿ ಹುಲಿ ನೋಡಿದ್ದೀಯಾ?" ಇನ್ನೊಂದು, "ನಿಮ್ಮೂರಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರಂತೆ, ಹೌದಾ?"

ಗುಂಡ್ಲುಪೇಟೆಯಲ್ಲಿ ಹುಟ್ಟಿ ಬೆಳೆದೂ ಹುಲಿಯನ್ನು ಇನ್ನೂ ನೋಡಿಲ್ಲ (ನಗಬೇಡಿ). ಎರಡನೇ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಕಥೆ ಹೇಳಬೇಕಾಗುತ್ತದೆ. ಎತ್ತಣಿಂದೆತ್ತ ಅನ್ನಬೇಡಿ, ಸ್ವಲ್ಪ ತಾಳಿ...

ಮೊದಲು ನಮ್ಮೂರಿನ ಕಥೆ. ಹಿರಿಯರು ಬೆರಳು ಮಡಚಿ ಎಣಿಸುತ್ತಿದ್ದರು. ಅರಸು 1980, ಗುಂಡೂರಾವ್ 1983, ಹೆಗಡೆ 1988, ಬೊಮ್ಮಾಯಿ 1989, ವೀರೇಂದ್ರ ಪಾಟೀಲ್ 1990. ಇವರೆಲ್ಲ ಚಾಮರಾಜನಗರಕ್ಕೆ ಬಂದು ಹೋದ ಮೇಲೆ ಅಧಿಕಾರ ಕಳೆದುಕೊಂಡರು ಅನ್ನೋದು ಪ್ರತೀತಿ. ಅದು ಎಷ್ಟು ಬಲವಾಯಿತೆಂದರೆ, 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ನಮ್ಮದು ಹೊಸ ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ! 2007ರಲ್ಲಿ ಕುಮಾರಸ್ವಾಮಿ ಧೈರ್ಯ ಮಾಡಿ ಬಂದರು, ಅಕ್ಟೋಬರಿನಲ್ಲಿ ಕುರ್ಚಿ ಹೋಯಿತು. ಜನ "ನೋಡಿದ್ರಾ?" ಅಂದರು.

ಆದರೆ ಕಾರಣಗಳನ್ನು ಒಂದೊಂದಾಗಿ ನೋಡಿ. 1980ರಲ್ಲಿ ಇಂದಿರಾ ಗಾಂಧಿ ಗೆದ್ದು ಬಂದಾಗ ಅರಸರ ಶಾಸಕರು ಸಾಲಾಗಿ ಆ ಕಡೆ ಹೊರಟರು. ಗುಂಡೂರಾವ್ ಚುನಾವಣೆ ಸೋತರು. ಹೆಗಡೆಯವರಿಗೆ ಟೆಲಿಫೋನ್ ಕದ್ದಾಲಿಕೆ ಮುಳುವಾಯಿತು. ಬೊಮ್ಮಾಯಿ ಸರ್ಕಾರವನ್ನು ಕೇಂದ್ರವೇ ವಜಾ ಮಾಡಿತು. ಕುಮಾರಸ್ವಾಮಿಯವರದ್ದು 20 ತಿಂಗಳ ಒಪ್ಪಂದ, ಅವಧಿ ಮುಗಿದಿತ್ತು. ಇದರಲ್ಲಿ ನಮ್ಮೂರಿನ ಪಾತ್ರ ಏನು, ಪಾಪ? ನಮ್ಮ ರಾಜ್ಯದಲ್ಲಿ ಆ ಕುರ್ಚಿಯೇ ಅಂಥದ್ದು. 1989ರಿಂದ 94ರ ಒಂದೇ ವಿಧಾನಸಭೆ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು, 2008ರಿಂದ 13ರದ್ದೂ ಮೂವರನ್ನು. ಅವರು ಬೀದರಿಗೆ ಹೋಗಿ ಬಂದಿದ್ದರೂ ಕುರ್ಚಿ ಹೋಗುತ್ತಿತ್ತು. ಸಿದ್ದರಾಮಯ್ಯನವರು 2013ರ ಅಕ್ಟೋಬರಿನಲ್ಲಿ ಬಂದರು, ಮತ್ತೆ ಮತ್ತೆ ಬಂದರು, ಪೂರ್ತಿ ಐದು ವರ್ಷ ಕೂತರು. ಅರಸರ ನಂತರ ಹಾಗೆ ಅವಧಿ ಪೂರೈಸಿದವರು ಅವರೇ.

ಈಗ ಬ್ಯಾಸ್ಕೆಟ್‌ಬಾಲಿಗೆ ಬರೋಣ.

ತೊಂಬತ್ತರ ದಶಕದ ಶುರು, ನಾನಾಗ ಹೈಸ್ಕೂಲು. ಮಣ್ಣಿನ ಅಂಕಣ, ಬಲೆ ಇಲ್ಲದ ಎರಡು ರಿಂಗು, ಒಂದು ಚೆಂಡು. ನಮ್ಮ ಪಿ.ಟಿ. ಮೇಷ್ಟ್ರೇ ಕೋಚು. ಆ ವರ್ಷ ನಾವು ಸಾಲಾಗಿ ಸೋತೆವು. ಕೊನೆಯ ಪಂದ್ಯ ಚಾಮರಾಜನಗರದಲ್ಲಿ. ಬಸ್ಸಿನಲ್ಲಿ ತೆರಕಣಾಂಬಿ ಮೇಲೆ ವಾಪಸು ಬರುವಾಗ ಹುಡುಗರೆಲ್ಲ ಗುಸುಗುಸು ಮಾತಾಡಿಕೊಂಡು, ಮೇಷ್ಟ್ರನ್ನು ಬದಲಾಯಿಸಿ ಅಂತ ಹೆಡ್‌ಮಾಸ್ಟರಿಗೆ ಅರ್ಜಿ ಕೊಟ್ಟೆವು. ಅಕ್ಷರ ದುಂಡಗಿದೆ ಅಂತ ಅರ್ಜಿ ಬರೆದವನು ನಾನೇ. ತಂಡವನ್ನು ಇನ್ನೊಬ್ಬ ಮೇಷ್ಟ್ರಿಗೆ ವಹಿಸಿದರು. "ಚಾಮರಾಜನಗರಕ್ಕೆ ಹೋಗಿ ಬಂದ್ರಲ್ಲ, ಕುರ್ಚಿ ಹೋಯ್ತು" ಅಂತ ಸ್ಟಾಫ್ ರೂಮಿನಲ್ಲಿ ನಕ್ಕರಂತೆ. ಮರುವರ್ಷ ನಾವು ಗೆದ್ದೆವು. ಹೊಸ ಮೇಷ್ಟ್ರ ಮಹಿಮೆ ಅಂದುಕೊಂಡೆವು.

ಈ ಆಟ ಹುಟ್ಟಿಸಿದವರೂ ಒಬ್ಬ ಪಿ.ಟಿ. ಮೇಷ್ಟ್ರೇ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಚಳಿಗಾಲಕ್ಕೆ ಒಳಾಂಗಣದಲ್ಲಿ ಹುಡುಗರನ್ನು ಆಡಿಸಲು ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ಕಟ್ಟಿ ಶುರು ಮಾಡಿದ ಆಟ. ಆಮೇಲೆ ಅವರು ಕಾನ್ಸಾಸ್ ವಿಶ್ವವಿದ್ಯಾಲಯದ ಮೊದಲ ಕೋಚ್ ಆದರು. ಅಲ್ಲಿ ಅವರ ಲೆಕ್ಕ 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಏಕೈಕ ಕೋಚ್, ಆಟ ಕಂಡುಹಿಡಿದವರೇ! ಇವತ್ತಾಗಿದ್ದರೆ ಎರಡೇ ವರ್ಷಕ್ಕೆ ಮನೆಗೆ ಕಳಿಸುತ್ತಿದ್ದರೋ ಏನೋ.

ಯಾಕೆಂದರೆ ಇವತ್ತಿನ ಎನ್‌ಬಿಎ ಹೆಡ್ ಕೋಚ್ ಕುರ್ಚಿ ನಮ್ಮ ವಿಧಾನಸೌಧದ ಕುರ್ಚಿಯ ತಮ್ಮನ ಹಾಗೆ. ಮೈಕ್ ಬ್ರೌನ್ 2023ರಲ್ಲಿ ವರ್ಷದ ಶ್ರೇಷ್ಠ ಕೋಚ್, ಸರ್ವಾನುಮತದಿಂದ. 2024ರ ಡಿಸೆಂಬರಿನಲ್ಲಿ ಸ್ಯಾಕ್ರಮೆಂಟೊ ಅವರನ್ನು ತೆಗೆದುಹಾಕಿತು. ಮೈಕಲ್ ಮಲೋನ್ 2023ರಲ್ಲಿ ಡೆನ್ವರಿಗೆ ಅದರ ಮೊಟ್ಟಮೊದಲ ಎನ್‌ಬಿಎ ಕಿರೀಟ ತಂದುಕೊಟ್ಟರು. 2025ರ ಏಪ್ರಿಲಿನಲ್ಲಿ, ಲೀಗ್ ಪಂದ್ಯಗಳು ಇನ್ನು ಮೂರೇ ಉಳಿದಿದ್ದಾಗ, ಅವರೂ ಹೊರಗೆ. ಟಾಮ್ ಥಿಬಡೊ ನ್ಯೂಯಾರ್ಕ್ ನಿಕ್ಸ್ ತಂಡವನ್ನು 25 ವರ್ಷಗಳ ನಂತರ ಪೂರ್ವ ವಲಯದ ಫೈನಲ್ಲಿಗೆ ಮುಟ್ಟಿಸಿದರು. ಬಹುಮಾನ? 2025ರ ಜೂನಿನಲ್ಲಿ ವಜಾ.

ಕಾರಣ ಸರಳ. ತಂಡದಲ್ಲಿ ಹದಿನೈದು ಆಟಗಾರರು, ಬಹುತೇಕರದ್ದು ಹಣ ಖಾತ್ರಿಯಿರುವ ಕರಾರು, ಅದರ ಮೇಲೆ ಸಂಬಳದ ಮಿತಿ. ಹದಿನೈದು ಜನರನ್ನು ಬದಲಾಯಿಸಲು ಆಗುವುದಿಲ್ಲ, ಮಾಲೀಕ ತನ್ನನ್ನೇ ಬದಲಾಯಿಸಿಕೊಳ್ಳುವುದಿಲ್ಲ. ಉಳಿದವರು ಯಾರು? ಕೋಚ್. ಅವರ ಸಂಬಳ ಆ ಮಿತಿಯ ಲೆಕ್ಕಕ್ಕೂ ಬರುವುದಿಲ್ಲ. ಮಾಂಟಿ ವಿಲಿಯಮ್ಸ್‌ಗೆ ಡೆಟ್ರಾಯಿಟ್ 2023ರಲ್ಲಿ ಆರು ವರ್ಷಕ್ಕೆ 7 ಕೋಟಿ 85 ಲಕ್ಷ ಡಾಲರ್ ಒಪ್ಪಿಕೊಂಡಿತು. ಸಾಲಾಗಿ 28 ಪಂದ್ಯ ಸೋತು, 14 ಗೆಲುವು 68 ಸೋಲಿಗೆ ಸೀಸನ್ ಮುಗಿಯಿತು. ಒಂದೇ ವರ್ಷಕ್ಕೆ ಕೋಚ್ ಮನೆಗೆ, ದುಡ್ಡು ಮಾತ್ರ ಕೊಡಲೇಬೇಕು.

ಹೊಸಬರ ಹುಡುಕಾಟದ ಕಥೆ ಇನ್ನೂ ಚೆಂದ. 2024ರಲ್ಲಿ ಲೇಕರ್ಸ್ ಕಾಲೇಜು ಕೋಚ್ ಡ್ಯಾನ್ ಹರ್ಲಿಯವರನ್ನು ಕರೆದರು, ಅವರು ಒಲ್ಲೆ ಅಂದರು. ಆಮೇಲೆ ಎನ್‌ಬಿಎಯಲ್ಲಿ ಒಂದು ದಿನವೂ ಕೋಚ್ ಆಗಿರದ ಹಳೆಯ ಆಟಗಾರ ಜೆ.ಜೆ. ರೆಡಿಕ್ ಬಂದರು. ನಿಕ್ಸ್‌ನವರಂತೂ ಬೇರೆ ತಂಡಗಳಲ್ಲಿ ಕರಾರಿನಲ್ಲಿರುವ ಕೋಚ್‌ಗಳ ಜೊತೆಗೇ ಮಾತಾಡಲು ಅನುಮತಿ ಕೇಳಿದರು. ಮದುವೆಯಾದವರ ಮನೆಗೇ ಸಂಬಂಧ ಕೇಳಿಕೊಂಡು ಹೋದ ಹಾಗೆ! ಒಂದೊಂದು ತಂಡವೂ ಆಗಲ್ಲ ಅಂದ ಮೇಲೆ ಕೊನೆಗೆ ಸಿಕ್ಕವರು, ಸ್ಯಾಕ್ರಮೆಂಟೊ ಕಳಿಸಿದ ಅದೇ ಮೈಕ್ ಬ್ರೌನ್.

ಬದಲಾವಣೆ ಕೆಲಸ ಮಾಡುವುದೇ ಇಲ್ಲವಾ? ಮಾಡುತ್ತೆ. 2016ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್ 30 ಗೆದ್ದು 11 ಸೋತಿದ್ದಾಗಲೇ ಡೇವಿಡ್ ಬ್ಲಾಟ್‌ರನ್ನು ತೆಗೆದು ಟೈ ಲೂರನ್ನು ಕೂರಿಸಿತು, ಜೂನಿನಲ್ಲಿ ಕಪ್ ಗೆದ್ದಿತು. ಆದರೆ ಇದನ್ನೂ ನೋಡಿ: 2024ರಲ್ಲಿ ಅದೇ ಕ್ಲೀವ್‌ಲ್ಯಾಂಡ್ ಬಿಕರ್‌ಸ್ಟಾಫ್‌ರನ್ನು ತೆಗೆದು ಕೆನ್ನಿ ಅಟ್ಕಿನ್ಸನ್‌ರನ್ನು ತಂದಿತು, 48 ಇದ್ದ ಗೆಲುವು 64 ಆಯಿತು. ಕೆಲಸ ಕಳೆದುಕೊಂಡ ಬಿಕರ್‌ಸ್ಟಾಫ್ ಡೆಟ್ರಾಯಿಟಿಗೆ ಹೋದರು, ಅಲ್ಲಿ 14 ಇದ್ದ ಗೆಲುವು 44 ಆಯಿತು! ಹಾಗಾದರೆ ಕೆಟ್ಟ ಕೋಚ್ ಯಾರು? ತಂಡ ಪಾತಾಳ ಮುಟ್ಟಿದಾಗಲೇ ಕೋಚ್ ಬದಲಾಗುವುದು. ಅಲ್ಲಿಂದ ಮುಂದೆ ಹೋಗೋಕೆ ಮೇಲಲ್ಲದೆ ಬೇರೆ ದಾರಿಯೇ ಕಡಿಮೆ. ಹೊಸಬರಿಗೆ ಹೆಸರು, ಹಳಬರಿಗೆ ಅಪವಾದ.

ನಮ್ಮ ಕನ್ನಡಿಗರನ್ನೇ ತಗೊಳ್ಳಿ. ಅನಿಲ್ ಕುಂಬ್ಳೆ ಕ್ರಿಕೆಟ್ ತಂಡದ ಕೋಚ್ ಆಗಿ 17 ಟೆಸ್ಟ್‌ಗಳಲ್ಲಿ ಒಂದನ್ನಷ್ಟೇ ಸೋತವರು, ಆದರೂ 2017ರ ಜೂನಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ರಾಹುಲ್ ದ್ರಾವಿಡ್ 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ಸೋತರು. ತೆಗೆಯಲಿಲ್ಲ, ಅವಧಿ ವಿಸ್ತರಿಸಿದರು. ಏಳು ತಿಂಗಳಲ್ಲಿ ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಬಂತು.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. 1990ರಲ್ಲಿ ವೀರೇಂದ್ರ ಪಾಟೀಲರಿಗೆ ಪಾರ್ಶ್ವವಾಯು ಹೊಡೆದು ಅವರು ಹಾಸಿಗೆ ಹಿಡಿದಿದ್ದರು. ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಬೆಂಗಳೂರಿಗೆ ಬಂದು ಹೋಗುವಾಗ ವಿಮಾನ ನಿಲ್ದಾಣದಲ್ಲೇ ಹೇಳಿಬಿಟ್ಟರು, ಮುಖ್ಯಮಂತ್ರಿ ಬದಲಾವಣೆ ಅಂತ. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಗ್ರೆಗ್ ಪೊಪೊವಿಚ್‌ಗೂ 2024ರ ನವೆಂಬರಿನಲ್ಲಿ ಪಾರ್ಶ್ವವಾಯುವಾಯಿತು. 1996ರಲ್ಲಿ ಮೊದಲ ಸೀಸನ್ನಿನಲ್ಲೇ ಸೋತು ಸುಣ್ಣವಾದರೂ ಉಳಿದುಕೊಂಡು, ಆಮೇಲೆ ಐದು ಸಲ ಚಾಂಪಿಯನ್ ಆದವರು ಅವರು. ತಂಡ ಸಹಾಯಕ ಮಿಚ್ ಜಾನ್ಸನ್‌ರನ್ನು ಹಂಗಾಮಿಯಾಗಿ ನಿಲ್ಲಿಸಿ ಆರು ತಿಂಗಳು ಕಾಯಿತು. 2025ರ ಮೇ ತಿಂಗಳಲ್ಲಿ ಪೊಪೊವಿಚ್ ತಾವಾಗಿಯೇ ಕೆಳಗಿಳಿದ ಮೇಲಷ್ಟೇ ಆ ಕುರ್ಚಿ ಜಾನ್ಸನ್‌ಗೆ ಹೋಯಿತು. ಕುರ್ಚಿ ಯಾವತ್ತಾದರೂ ಹೋಗುವುದೇ. ಹೋಗುವ ರೀತಿ ಮುಖ್ಯ.

ಈಗ ನಮ್ಮ ಶಾಲೆಯ ಲೆಕ್ಕ. ಮರುವರ್ಷ ನಾವು ಗೆದ್ದದ್ದು ಹೇಗೆ ಗೊತ್ತಾ? ಬೇಸಿಗೆ ರಜೆಯಲ್ಲಿ ತಂಡದ ಇಬ್ಬರು ಹುಡುಗರು ಅರ್ಧ ಅಡಿ ಉದ್ದ ಬೆಳೆದಿದ್ದರು! ರಿಂಗಿನ ಕೆಳಗೆ ಅವರನ್ನು ತಡೆಯೋರೇ ಇರಲಿಲ್ಲ. ಅವರಿಗೆ ಕೈಹಿಡಿದು ಡ್ರಿಬಲ್ ಕಲಿಸಿದ್ದವರು ಹಳೇ ಮೇಷ್ಟ್ರು.

ಎಷ್ಟೋ ವರ್ಷಗಳ ಮೇಲೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತಲೆಯೆಲ್ಲ ಬೆಳ್ಳಗಾಗಿತ್ತು. "ಏನೋ, ಇನ್ನೂ ಆಡ್ತೀಯೇನೋ?" ಅಂದರು. ಇಲ್ಲ ಸಾರ್, ಮಂಡಿ ನೋವು ಅಂದೆ. "ಅಕ್ಷರ ಹಂಗೇ ದುಂಡಗಿದ್ಯಾ?" ಅಂತ ಕೇಳಿ ನಕ್ಕರು.

ಅವರಿಗೆ ಗೊತ್ತಿತ್ತು. ಅಷ್ಟು ವರ್ಷವೂ ಗೊತ್ತಿತ್ತು. ಕ್ಷಮಿಸಿ ಸಾರ್ ಅನ್ನುವಷ್ಟರಲ್ಲಿ ಅವರ ಬಸ್ಸು ಬಂತು. ಹತ್ತಿಬಿಟ್ಟರು. ಬೋರ್ಡು ನೋಡಿದರೆ, ಚಾಮರಾಜನಗರ.

ಈಗ ಯಾರಾದರೂ "ನಿಮ್ಮೂರಿಗೆ ಬಂದವರ ಕುರ್ಚಿ ಹೋಗುತ್ತಂತೆ" ಅಂದರೆ ಊರಿನ ತಪ್ಪಿಲ್ಲ ಅಂತೀನಿ. ಅರ್ಜಿ ಬರೆಯೋ ದುಂಡು ಅಕ್ಷರದವರು ಎಲ್ಲಾ ಊರಲ್ಲೂ ಇರ್ತಾರೆ. ನಿಮ್ಮ ಶಾಲೆಯಲ್ಲಿ ಹೀಗೆ ಕುರ್ಚಿ ಕಳೆದುಕೊಂಡ ಮೇಷ್ಟ್ರು ಯಾರಾದರೂ ಇದ್ದರಾ? ಇದ್ದರೆ, ಅರ್ಜಿ ಬರೆದದ್ದು ಯಾರು?