ಅರ್ಘದ ಏರಿಳಿತ: ಕೋನಪ್ಪನ ಅಗ್ರಹಾರದ ಒಂದು ಷೇರಿನ ಚರಿತ್ರೆ

ಪದಾರ್ಥಗಳ ಅರ್ಘವನ್ನು, ಎಂದರೆ ಬೆಲೆಯನ್ನು, ನಿರ್ಣಯಿಸತಕ್ಕವರು ಯಾರೆಂಬ ಪ್ರಶ್ನೆ ಭರತಖಂಡದಲ್ಲಿ ಬಹು ಪುರಾತನವಾದುದು. ಐದು ರಾತ್ರಿಗಳಿಗೊಮ್ಮೆ, ಇಲ್ಲವೆ ಪಕ್ಷಕ್ಕೊಮ್ಮೆ, ದೊರೆಯೇ ಬೆಲೆಯನ್ನು ಕಟ್ಟಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವಾದರೋ ಇನ್ನೂ ಸೂಕ್ಷ್ಮವಾಗಿ ವಿಚಾರಮಾಡಿದೆ. ಪಣ್ಯಾಧ್ಯಕ್ಷನಾದವನು ಸರಕಿನ ಸಾರವನ್ನೂ ಬೆಲೆಯ ಅಂತರವನ್ನೂ ತಿಳಿದರೆ ಸಾಲದು. ಅದು ಜನರಿಗೆ ಪ್ರಿಯವೋ ಅಪ್ರಿಯವೋ ಎಂಬುದನ್ನೂ ತಿಳಿದಿರಬೇಕಂತೆ. ಸರಕಿನ ಸಾರ ಇದ್ದಂತೆಯೇ ಇರಲು ಜನರ ಪ್ರೀತಿಯೊಂದೇ ಬದಲಾಯಿಸಿ ಬೆಲೆಯು ಏರುವುದುಂಟು, ಇಳಿಯುವುದುಂಟು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಹೊರವಲಯದ ಕಂಪೆನಿಯೊಂದರ ಷೇರು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಸ್ವತಂತ್ರ ಭಾರತದ ಸರ್ಕಾರವೂ ಬಹುಕಾಲ ಮನುವಿನ ದಾರಿಯನ್ನೇ ಹಿಡಿದಿತ್ತೆನ್ನಬಹುದು. ೧೯೪೭ರ ಬಂಡವಾಳ ನಿಯಂತ್ರಣದ ಕಾನೂನಿನ ಮೇರೆಗೆ, ಕಂಪೆನಿಯು ಸಾರ್ವಜನಿಕರಿಗೆ ಷೇರುಗಳನ್ನು ಮಾರುವ ಬೆಲೆಗೆ ದೆಹಲಿಯ ಅಧಿಕಾರಿಯ ಒಪ್ಪಿಗೆ ಬೇಕಾಗಿತ್ತು. ಆ ಕಾನೂನು ೧೯೯೨ರಲ್ಲಿ ರದ್ದಾಯಿತು. ಬೆಲೆ ಕಟ್ಟುವ ಸ್ವಾತಂತ್ರ್ಯ ಕಂಪೆನಿಗಳಿಗೂ, ಅದನ್ನು ತೂಗಿನೋಡುವ ಭಾರ ಜನರಿಗೂ ಬಂದುವು. ಆದರೆ ಮುಹೂರ್ತವು ಶುಭವಾಗಿರಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಹರ್ಷದ್ ಮೆಹ್ತಾ ಎಂಬ ದಳ್ಳಾಳಿಯ ಹಗರಣವು ಹೊರಬಿದ್ದು ಬೊಂಬಾಯಿಯ ಷೇರುಪೇಟೆ ಕುಸಿದುಹೋಗಿತ್ತು.

ಹೊಸೂರು ರಸ್ತೆಯ ಪಕ್ಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯು ೧೯೭೮ರಲ್ಲಿ ಆರಂಭವಾಯಿತು. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಅದರ ಮುಂದಾಳುಗಳು. ೧೯೮೧ರಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರರು ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಕಟ್ಟಿದ ಇನ್ಫೋಸಿಸ್ ಕಂಪೆನಿಯು ೧೯೮೩ರಲ್ಲಿ ಬೆಂಗಳೂರಿಗೆ ಬಂದು, ಮುಂದೆ ಈ ಅಗ್ರಹಾರದ ನೆಲದಲ್ಲಿಯೇ ನೆಲಸಿತು. ೧೯೯೩ರ ಫೆಬ್ರುವರಿಯಲ್ಲಿ ಅದು ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ೯೫ ರೂಪಾಯಿಗೆ ಜನರ ಮುಂದಿಟ್ಟಿತು. ಕೊಳ್ಳಲು ಸಾಕಷ್ಟು ಮಂದಿ ಬರಲಿಲ್ಲ. ಉಳಿದುದನ್ನು ಅಮೆರಿಕದ ಮೋರ್ಗನ್ ಸ್ಟ್ಯಾನ್ಲಿಯವರು ಅದೇ ಬೆಲೆಗೆ ಕೊಂಡು ಶೇಕಡ ೧೩ರಷ್ಟು ಪಾಲಿನ ಒಡೆಯರಾದುದರಿಂದ ಕಾರ್ಯವು ಪೂರೈಸಿತು.

ದೂರವಿದ್ದವರನ್ನು ದಡ್ಡರೆಂದು ಈಗ ನಗುವುದು ಸುಲಭ. ಆದರೆ ಪೀಣ್ಯದ ಯಂತ್ರೋಪಕರಣದ ಕಾರ್ಖಾನೆಯಾಗಿದ್ದರೆ ಲೇತುಗಳನ್ನು ಎಣಿಸಬಹುದಾಗಿತ್ತು, ಉಗ್ರಾಣವನ್ನು ನೋಡಬಹುದಾಗಿತ್ತು, ನೆಲಕ್ಕೆ ಕ್ರಯ ಕಟ್ಟಬಹುದಾಗಿತ್ತು. ಇಲ್ಲಿಯ ಬಂಡವಾಳವೋ ತರುಣರ ಬುದ್ಧಿ. ಸಂಜೆಯಾದರೆ ಅದು ತನ್ನ ಕಾಲಮೇಲೆ ತಾನೇ ಮನೆಗೆ ನಡೆದುಹೋಗುವಂಥದು. ಅಂಥ ಸೊತ್ತನ್ನು ಅಳೆಯುವ ಅಳತೆಗೋಲು ಆಗ ಗೃಹಸ್ಥರಲ್ಲಿಯೂ ಇರಲಿಲ್ಲ, ಬ್ಯಾಂಕಿನವರಲ್ಲಿಯೂ ಇರಲಿಲ್ಲ. ನಾಲ್ಕು ತಿಂಗಳು ಕಳೆದು ಜೂನಿನಲ್ಲಿ ಪೇಟೆಯ ವ್ಯವಹಾರ ಆರಂಭವಾದಾಗ ಧಾರಣೆಯು ೧೪೫ ರೂಪಾಯಿ.

ಆ ಕಾಲದ ಪೇಟೆಯಾದರೂ ಎಂಥದು? ಬೊಂಬಾಯಿಯಲ್ಲಿ ದಳ್ಳಾಳಿಗಳು ಗುಂಪುಗೂಡಿ ಕೂಗಿ ವ್ಯಾಪಾರ ಮಾಡುತ್ತಿದ್ದರು. ಬೆಂಗಳೂರಿಗೆ ೧೯೬೩ರಿಂದ ತನ್ನದೇ ಆದ ಷೇರು ವಿನಿಮಯ ಕೇಂದ್ರವಿತ್ತು. ಒಂದೇ ಷೇರಿಗೆ ಒಂದೇ ದಿನ ಎರಡು ಊರುಗಳಲ್ಲಿ ಎರಡು ಬೆಲೆಗಳಿರುವುದು ಅಪೂರ್ವವೇನೂ ಆಗಿರಲಿಲ್ಲ. ಕಾಗದದ ಷೇರುಪತ್ರವು ಅಂಚೆಯಲ್ಲಿ ಹೋಗಿ, ರುಜು ಸರಿಹೊಂದದೆ ಮರಳಿ ಬರುವುದೂ ಇತ್ತು. ೧೯೯೪ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಗಣಕಯಂತ್ರದ ಮೂಲಕ ದೇಶದ ಊರೂರಿಗೂ ಒಂದೇ ಧಾರಣೆಯನ್ನು ಕಾಣಿಸತೊಡಗಿತು. ೧೯೯೬ರ ಡಿಪಾಜಿಟರಿ ಕಾನೂನಿನಿಂದ ಕಾಗದದ ಕಾಟವೂ ಕ್ರಮೇಣ ತೊಲಗಿತು. ಇವುಗಳ ಪರಿಣಾಮವಾಗಿ ಬೆಂಗಳೂರಿನ ಕೇಂದ್ರದಲ್ಲಿ ವ್ಯವಹಾರ ಒಣಗುತ್ತ ಬಂದು, ೨೦೧೪ರ ಡಿಸೆಂಬರಿನಲ್ಲಿ ಅದು ಮುಚ್ಚಿಹೋಯಿತು.

ಹೀಗೆ ಸುದ್ದಿಯ ವೇಗ ಹೆಚ್ಚಿತು. ವಿವೇಕವೂ ಅಷ್ಟೇ ಹೆಚ್ಚಿತೇ ಎಂಬುದು ಬೇರೆ ಪ್ರಶ್ನೆ. ೧೯೯೪, ೧೯೯೭, ೧೯೯೯ರಲ್ಲಿ ಒಂದಕ್ಕೆ ಒಂದರಂತೆ ಬೋನಸ್ ಷೇರುಗಳೂ, ೨೦೦೦ದ ಆರಂಭದಲ್ಲಿ ಪ್ರತಿಯೊಂದು ಷೇರೂ ಎರಡಾಗಿ ಒಡೆದುದೂ ಸೇರಿ, ೧೯೯೩ರಲ್ಲಿ ೯,೫೦೦ ರೂಪಾಯಿ ಕೊಟ್ಟು ನೂರು ಷೇರು ಕೊಂಡಿದ್ದವನ ಬಳಿ ೧,೬೦೦ ಷೇರುಗಳಾಗಿದ್ದುವು. ಆ ವರ್ಷದ ಮಾರ್ಚಿನಲ್ಲಿ ಒಂದೊಂದರ ಧಾರಣೆ ಹತ್ತು ಸಾವಿರ ರೂಪಾಯಿಗಳನ್ನು ಮೀರಿತು. ಗಂಟು ಒಂದು ಕೋಟಿ ಅರವತ್ತು ಲಕ್ಷಕ್ಕೂ ಮಿಗಿಲು. ಶತಮಾನದ ತಿರುವಿನಲ್ಲಿ ಗಣಕಗಳು ತಾರೀಖು ತಪ್ಪುವುವೆಂಬ ಭಯದಿಂದ ದೊರೆತ ಕೆಲಸ, ಅಮೆರಿಕದ ಪೇಟೆಯ ಉನ್ಮಾದ, ಮಾರಾಟಕ್ಕೆ ದೊರೆಯುವ ಷೇರುಗಳ ಕೊರತೆ, ಇವೆಲ್ಲ ಕೂಡಿ ಬೆಂಕಿಗೆ ಗಾಳಿಯಾದುವು. ಒಂದೂವರೆ ವರ್ಷ ತುಂಬುವುದರೊಳಗೆ, ೨೦೦೧ರ ಸೆಪ್ಟೆಂಬರಿನಲ್ಲಿ, ಧಾರಣೆಯು ಶಿಖರದ ಕಾಲುಭಾಗಕ್ಕಿಂತಲೂ ಕೆಳಗಿತ್ತು. ಇದರ ನಡುವೆ, ೨೦೦೧ರ ಮಾರ್ಚಿಗೆ ಮುಗಿದ ವರ್ಷದಲ್ಲಿ, ಕಂಪೆನಿಯ ಲಾಭವು ಹಿಂದಿನ ವರ್ಷದ ಎರಡರಷ್ಟನ್ನು ಮೀರಿದ್ದಿತು! ೧೯೯೩ರಲ್ಲಿ ಕೊಂಡವನು ಆಗಲೂ ಧನಿಕನೇ. ನೆರೆಮನೆಯವನ ಭಾಗ್ಯವನ್ನು ಕಂಡು ೨೦೦೦ದ ಮಾರ್ಚಿನಲ್ಲಿ ಕೊಂಡವನು ತನ್ನ ಅಸಲನ್ನು ಕಾಣಲು ವರ್ಷಗಟ್ಟಲೆ ಕಾಯಬೇಕಾಯಿತು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದುಂಟು. ೧೯೯೯ರ ಮಾರ್ಚಿನಲ್ಲಿ ಇನ್ಫೋಸಿಸ್ ಅಮೆರಿಕದ ನ್ಯಾಸ್‌ಡ್ಯಾಕ್ ಪೇಟೆಯನ್ನು ಪ್ರವೇಶಿಸಿತು; ಭಾರತದಲ್ಲಿ ನೋಂದಾಯಿತವಾದ ಕಂಪೆನಿಗಳಲ್ಲಿ ಅದೇ ಮೊದಲನೆಯದು. ಅಲ್ಲಿ ಮಾರುತ್ತಿದ್ದ ಪತ್ರವೂ ಅದೇ ಕಂಪೆನಿಯ, ಅದೇ ಲಾಭದ ಪಾಲಿನದು. ಆದರೂ ಕೆಲವು ಕಾಲ ಅಲ್ಲಿಯ ಬೆಲೆ ಇಲ್ಲಿಯದರ ಎರಡರಷ್ಟನ್ನೂ ಮೀರಿತ್ತು. ಚಿಕ್ಕಪೇಟೆಯ ವರ್ತಕನಾಗಿದ್ದರೆ ಇಲ್ಲಿ ಕೊಂಡು ಅಲ್ಲಿ ಮಾರಿ ಅಂತರವನ್ನು ಅಳಿಸುತ್ತಿದ್ದನು. ಹಾಗೆ ಮಾಡಲು ವಿದೇಶೀ ವಿನಿಮಯದ ನಿಯಮಗಳು ಅಡ್ಡವಾಗಿದ್ದುವು. ರಿಸರ್ವ್ ಬ್ಯಾಂಕು ೨೦೦೨ರಲ್ಲಿ ಮಿತವಾದ ದಾರಿಯೊಂದನ್ನು ತೆರೆಯಿತು. ಬೆಳೆಯುತ್ತಿರುವ ದೇಶಗಳ ಪೇಟೆಯಲ್ಲಿ ಬೆಲೆ ದಾರಿತಪ್ಪುವುದಕ್ಕೆ ಜನರ ಅಜ್ಞಾನವೊಂದೇ ಕಾರಣವಲ್ಲವೆಂಬುದಕ್ಕೆ ಇದು ಸಾಕ್ಷಿ.

೨೦೦೩ರ ಏಪ್ರಿಲ್ ೧೦ರಂದು ಕಂಪೆನಿಯು ಹಿಂದಿನ ವರ್ಷಕ್ಕಿಂತ ಅಧಿಕವಾದ ಲಾಭವನ್ನು ಪ್ರಕಟಿಸಿತು. ಆದರೆ ಮುಂದಿನ ವರ್ಷದ ಅಂದಾಜು ಪೇಟೆಯ ಆಸೆಗಿಂತ ಕೆಳಗಿತ್ತು. ಒಂದೇ ದಿನದಲ್ಲಿ ಷೇರಿನ ಧಾರಣೆ ಶೇಕಡ ೨೭ರ ಹತ್ತಿರ ಇಳಿಯಿತು. ಮುಂದೆ ಆದುದೇನು? ಆ ವರ್ಷದ ಆದಾಯ ಶೇಕಡ ೩೦ಕ್ಕೂ ಹೆಚ್ಚಾಗಿ ಬೆಳೆಯಿತು, ಕಳೆದುಹೋದ ಧಾರಣೆಯು ೨೦೦೩ನೆಯ ಇಸವಿ ಮುಗಿಯುವ ಮೊದಲೇ ಮರಳಿ ಬಂದಿತು. ಪೇಟೆಯು ಸುದ್ದಿಯನ್ನು ಕ್ಷಣದಲ್ಲಿ ಕೇಳಿತು; ತೂಗುವಾಗ ಕೈ ನಡುಗಿತೆನ್ನಬೇಕು.

ಪೇಟೆಯ ಬೆಲೆಯಲ್ಲಿ ತಿಳಿಯಬಹುದಾದ ಸಂಗತಿಗಳೆಲ್ಲವೂ ಅಡಗಿರುವುವೆಂದು ಪ್ರತಿಪಾದಿಸಿದವರು ಅಮೆರಿಕದ ಯೂಜೀನ್ ಫಾಮಾ. ಬೆಲೆಗಳು ಕುಣಿಯುವಷ್ಟು ಲಾಭಾಂಶಗಳು ಕುಣಿಯುವುದಿಲ್ಲವೆಂದು ೧೯೮೧ರಲ್ಲಿ ತೋರಿಸಿದವರು ರಾಬರ್ಟ್ ಷಿಲ್ಲರ್. ೨೦೧೩ರಲ್ಲಿ ಈ ಇಬ್ಬರಿಗೂ, ಲಾರ್ಸ್ ಹ್ಯಾನ್ಸೆನ್ ಎಂಬುವರೊಡನೆ, ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೆಯಾಯಿತು. ಪೂರ್ವಪಕ್ಷಕ್ಕೂ ಸಿದ್ಧಾಂತಕ್ಕೂ ಒಂದೇ ಶಾಲು ಹೊದಿಸಿದ ಸಭೆಗಳು ವಿರಳ. ಅದೇ ವರ್ಷ ಇನ್ಫೋಸಿಸ್ ಷೇರು ಜನವರಿಯ ಒಂದು ದಿನ ಶೇಕಡ ೧೭ರಷ್ಟು ಏರಿ, ಏಪ್ರಿಲಿನ ಒಂದು ದಿನ ಶೇಕಡ ೨೧ರಷ್ಟು ಇಳಿದು, ಇಬ್ಬರಿಗೂ ಉದಾಹರಣೆಯನ್ನು ಒದಗಿಸಿತು.

ಹಾಗಾದರೆ ಮನುವಿನಂತೆ ಬೆಲೆಯನ್ನು ಕಟ್ಟಿಬಿಟ್ಟರೆ ಕ್ಷೇಮವಲ್ಲವೇ ಎಂದು ಕೇಳುವವರಿಗೆ ಯೂನಿಟ್ ಟ್ರಸ್ಟಿನ ಚರಿತ್ರೆಯು ಉತ್ತರ ಹೇಳುತ್ತದೆ. ೧೯೬೪ರಲ್ಲಿ ಆರಂಭವಾದ ಅದರ ಯೂನಿಟ್ ೬೪ ಯೋಜನೆಯನ್ನು ಷೇರುಪೇಟೆಯ ಹೆಸರು ಕೇಳಿದರೆ ಬೆಚ್ಚುವ ಸಂಸಾರಿಗಳು, ನಿವೃತ್ತ ನೌಕರರು, ಹೆಣ್ಣುಮಕ್ಕಳ ಮದುವೆಗೆ ಹಣ ಕೂಡಿಡುವವರು ನೆಚ್ಚಿಕೊಂಡಿದ್ದರು. ಅದರ ಬೆಲೆಯನ್ನು ಟ್ರಸ್ಟಿನ ಅಧಿಕಾರಿಗಳೇ ನಿಗದಿ ಮಾಡುತ್ತಿದ್ದುದರಿಂದ ಅದು ಇಳಿಯುವುದೆಂಬುದೇ ಇಲ್ಲವೆಂದು ಜನ ನಂಬಿದ್ದರು. ಹಣವಾದರೋ ಬಹುಮಟ್ಟಿಗೆ ಅದೇ ಷೇರುಪೇಟೆಯಲ್ಲಿತ್ತು. ೨೦೦೧ರ ಜುಲೈ ೨ರಂದು ಯೂನಿಟ್ಟುಗಳ ಕ್ರಯವಿಕ್ರಯವನ್ನು ಆರು ತಿಂಗಳು ನಿಲ್ಲಿಸಲಾಯಿತು. ಮುಂದಿನ ಜನವರಿಯಲ್ಲಿ ನಿಜವಾದ ಮೌಲ್ಯವನ್ನು ಪ್ರಕಟಿಸಿದಾಗ ಅದು ಹತ್ತು ರೂಪಾಯಿಗಳ ಮುಖಬೆಲೆಗಿಂತಲೂ ಕೆಳಗಿತ್ತು. ಷೇರಿನ ಧಾರಣೆಯು ದಿನದಿನವೂ ಒಪ್ಪಿಕೊಳ್ಳುತ್ತಿದ್ದ ನಷ್ಟವನ್ನು ಕಟ್ಟಿದ ಬೆಲೆಯು ಬಚ್ಚಿಟ್ಟುಕೊಂಡಿತ್ತು. ಕೊನೆಗೆ ಸರ್ಕಾರವೇ ನಡುವೆ ಬಂದು, ೫,೦೦೦ ಯೂನಿಟ್ಟುಗಳವರೆಗೆ ಒಂದಕ್ಕೆ ೧೨ ರೂಪಾಯಿ, ಅದಕ್ಕೆ ಮೇಲ್ಪಟ್ಟವುಗಳಿಗೆ ೧೦ ರೂಪಾಯಿಯಂತೆ ಭರವಸೆ ಕೊಟ್ಟು, ೨೦೦೩ರಲ್ಲಿ ಅವುಗಳಿಗೆ ಬದಲಾಗಿ ಶೇಕಡ ಆರೂಮುಕ್ಕಾಲು ಬಡ್ಡಿಯ ಐದು ವರ್ಷದ ಬಾಂಡುಗಳನ್ನು ಹಂಚಿತು. ಹಣ ಕೈಗೆ ಬರುವವರೆಗೆ ಕಾದಿದ್ದವರಿಗೆ ಅದು ಸಂದುದು ೨೦೦೮ರಲ್ಲಿ.