ಮೀಟರು ಯಾರ ಹೆಸರಿನಲ್ಲಿ? ಬ್ರಿಟನ್ನಿನ ಬಾಡಿಗೆದಾರ ಮತ್ತು ಇಂಧನದ ಆಯ್ಕೆ

ಬಾಡಿಗೆ ಮನೆಯಲ್ಲಿ ವಾಸಿಸುವವರು ತಾವು ಉರಿಸುವ ಗ್ಯಾಸನ್ನೂ ಬಳಸುವ ವಿದ್ಯುತ್ತನ್ನೂ ಯಾವ ಕಂಪನಿಯಿಂದ ಕೊಳ್ಳಬೇಕೆಂಬುದನ್ನು ತಾವೇ ತೀರ್ಮಾನಿಸಬಹುದು ಎಂಬ ಮಾತು ಇಂದಿನ ಗ್ರೇಟ್ ಬ್ರಿಟನ್ನಿನಲ್ಲಿ ತೀರ ಸಹಜವೆನಿಸಿದ್ದರೂ, ಅದಕ್ಕೆ ಸುಮಾರು ಮೂರು ದಶಕಗಳಷ್ಟೇ ವಯಸ್ಸಾಗಿದೆ. ಈ ಹಕ್ಕು ಮನೆಯಲ್ಲಿ ವಾಸಿಸುವುದರಿಂದಾಗಲಿ ಬಾಡಿಗೆ ಕಟ್ಟುವುದರಿಂದಾಗಲಿ ತಾನಾಗಿ ಬರುವುದಿಲ್ಲ. ಪೂರೈಕೆದಾರ ಕಂಪನಿಯ ಲೆಕ್ಕದಲ್ಲಿ ಗ್ರಾಹಕನೆಂದು ಯಾರ ಹೆಸರು ನಮೂದಾಗಿದೆಯೋ ಅವರಿಗೆ ಮಾತ್ರ ಅದು ಸಲ್ಲುತ್ತದೆ. ಆದುದರಿಂದ ಈ ಹಕ್ಕಿನ ಇತಿಹಾಸವನ್ನು ಹುಡುಕಹೊರಟರೆ ಬಾಡಿಗೆ ಕಾಯಿದೆಗಳಿಗಿಂತ ಹೆಚ್ಚಾಗಿ ಮೀಟರಿನ ಇತಿಹಾಸವನ್ನೇ ನೋಡಬೇಕಾಗುತ್ತದೆ.

ಕೊಳವೆಯ ಮೂಲಕ ಗ್ಯಾಸು ಮಾರುವ ವ್ಯಾಪಾರ ಲಂಡನ್ನಿನಲ್ಲಿ ನೆಲೆಗೊಂಡದ್ದು 1812ರಲ್ಲಿ ರಾಜಸನ್ನದು ಪಡೆದ ಗ್ಯಾಸ್ ಲೈಟ್ ಆ್ಯಂಡ್ ಕೋಕ್ ಕಂಪನಿಯಿಂದ. ಮುಂದಿನ ದಶಕಗಳಲ್ಲಿ ಹಲವು ಕಂಪನಿಗಳು ಹುಟ್ಟಿಕೊಂಡು, ಒಂದೇ ಬೀದಿಯಲ್ಲಿ ಎರಡು ಮೂರು ಕಂಪನಿಗಳ ಕೊಳವೆಗಳು ಅಕ್ಕಪಕ್ಕದಲ್ಲಿ ಹಾದುಹೋಗಿ, ಗ್ರಾಹಕರನ್ನು ಒಬ್ಬರಿಂದೊಬ್ಬರು ಸೆಳೆದುಕೊಳ್ಳುವ ಸ್ಪರ್ಧೆ ನಡೆಯಿತು. ಆದರೆ ಮತ್ತೆಮತ್ತೆ ಅಗೆಯಲ್ಪಡುತ್ತಿದ್ದ ರಸ್ತೆಗಳು, ಯಾವ ಕಂಪನಿಯ ಕೊಳವೆಯಿಂದ ಸೋರಿದೆಯೆಂದು ತಿಳಿಯದ ಗ್ಯಾಸು, ದುಪ್ಪಟ್ಟಾದ ಬಂಡವಾಳದ ಹೊರೆ ಇವೆಲ್ಲ ಸೇರಿ ಕಂಪನಿಗಳು ಊರನ್ನು ತಮ್ಮೊಳಗೆ ಹಂಚಿಕೊಳ್ಳುವಂತೆ ಮಾಡಿದವು. 1860ರ ಮೆಟ್ರೊಪೊಲಿಸ್ ಗ್ಯಾಸ್ ಕಾಯಿದೆ ಈ ಹಂಚಿಕೆಗೆ ಶಾಸನದ ಮುದ್ರೆಯೊತ್ತಿ, ಒಂದೊಂದು ವಿಭಾಗಕ್ಕೆ ಒಂದೊಂದು ಕಂಪನಿಯ ಏಕಸ್ವಾಮ್ಯವನ್ನು ಒಪ್ಪಿಕೊಂಡು, ಅದಕ್ಕೆ ಪ್ರತಿಯಾಗಿ ಬೆಲೆಗೂ ಗ್ಯಾಸಿನ ಗುಣಮಟ್ಟಕ್ಕೂ ಕಟ್ಟುಪಾಡು ವಿಧಿಸಿತು. ಕೊಳವೆ ಒಂದೇ ಇರುವಲ್ಲಿ ಮಾರುವವನೂ ಒಬ್ಬನೇ ಇರಬೇಕು, ಅವನನ್ನು ಬೆಲೆಯ ಮೂಲಕ ಹಿಡಿತದಲ್ಲಿಡಬೇಕು ಎಂಬ ಈ ತಿಳಿವಳಿಕೆ ಮುಂದಿನ ಸುಮಾರು ನೂರ ಮೂವತ್ತು ವರ್ಷಗಳ ಕಾಲ ಬ್ರಿಟನ್ನಿನ ಇಂಧನ ನೀತಿಯ ತಳಹದಿಯಾಯಿತು.

ಆ ಕಾಲದ ಬಾಡಿಗೆದಾರರಿಗೆ ಕಂಪನಿಯ ಆಯ್ಕೆಗಿಂತ ಮೊದಲಿನ ಪ್ರಶ್ನೆಯೇ ಬೇರೆ ಇತ್ತು. ಮೊದಲ ಮಹಾಯುದ್ಧದ ಹಿಂದಿನ ಬ್ರಿಟನ್ನಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಕುಟುಂಬಗಳು ಬಾಡಿಗೆಗೇ ಇದ್ದವು. ವಾರದ ಕೂಲಿಯಲ್ಲಿ ಬದುಕುತ್ತ ಕೆಲಸ ಸಿಕ್ಕ ಕಡೆಗೆ ಮನೆ ಬದಲಿಸುತ್ತಿದ್ದ ದುಡಿಯುವ ವರ್ಗದವರಿಗೆ, ಮೂರು ತಿಂಗಳಿಗೊಮ್ಮೆ ಬಿಲ್ಲು ಕಳಿಸಿ ಮುಂಚಿತವಾಗಿ ಠೇವಣಿ ಕೇಳುವ ಕಂಪನಿಗಳ ವ್ಯವಹಾರ ಎಟುಕುವಂತಿರಲಿಲ್ಲ. ಬಾಡಿಗೆದಾರರ ಅನುಕೂಲಕ್ಕಾಗಿ ಮನೆಯೊಳಗೆ ಕೊಳವೆ ಎಳೆಸುವ ಖರ್ಚನ್ನು ಮನೆ ಮಾಲೀಕರೂ ಹೊರಲು ಸಿದ್ಧರಿರಲಿಲ್ಲ. ಹೀಗಾಗಿ ಗ್ಯಾಸು ಬೀದಿದೀಪ, ಅಂಗಡಿ, ಕಾರ್ಖಾನೆ, ಅನುಕೂಲಸ್ಥರ ಮನೆ ಇಷ್ಟಕ್ಕೆ ಸೀಮಿತವಾಗಿ, ಬಡವರ ಮನೆಯಲ್ಲಿ ಸೀಮೆಎಣ್ಣೆಯ ದೀಪವೂ ಕಲ್ಲಿದ್ದಲಿನ ಒಲೆಯೂ ಉಳಿದವು.

ಈ ಗೋಡೆಯನ್ನು ಕೆಡವಿದ್ದು ಕಾಸು ಹಾಕಿದರೆ ಗ್ಯಾಸು ಬಿಡುವ ಸ್ಲಾಟ್ ಮೀಟರು. ಬರ್ಮಿಂಗ್‌ಹ್ಯಾಮಿನ ಬ್ರೌನ್‌ಹಿಲ್ 1887ರಲ್ಲಿ ಇಂಥ ಮೀಟರಿಗೆ ಪೇಟೆಂಟ್ ಪಡೆದ ಮೇಲೆ, ವಿದ್ಯುದ್ದೀಪದ ಪೈಪೋಟಿಗೆ ಅಂಜಿ ಹೊಸ ಗಿರಾಕಿಗಳನ್ನು ಹುಡುಕುತ್ತಿದ್ದ ಗ್ಯಾಸ್ ಕಂಪನಿಗಳು 1890ರ ದಶಕದಲ್ಲಿ ಅದನ್ನು ಕಾರ್ಮಿಕರ ಬೀದಿಗಳಿಗೆ ಕೊಂಡೊಯ್ದವು. ಲಂಡನ್ನಿನ ದಕ್ಷಿಣ ಭಾಗದ ಸೌತ್ ಮೆಟ್ರೊಪಾಲಿಟನ್ ಕಂಪನಿ ಈ ವ್ಯಾಪಾರದ ಮುಂಚೂಣಿಯಲ್ಲಿತ್ತು. ಮೀಟರಿನ ಕೆಲಸ ಸರಳವಾಗಿತ್ತು: ಸೀಳಿನಲ್ಲಿ ಒಂದು ಪೆನ್ನಿಯನ್ನು ಇಳಿಸಿ ಹಿಡಿಯನ್ನು ತಿರುಗಿಸಿದರೆ ಒಳಗಿನ ಕವಾಟ ತೆರೆದುಕೊಂಡು, ಆ ಪೆನ್ನಿಗೆ ಸಲ್ಲುವಷ್ಟು ಗ್ಯಾಸು ಹರಿದ ಬಳಿಕ ಮುಚ್ಚಿಕೊಳ್ಳುತ್ತಿತ್ತು, ಮತ್ತು ಒಂದು ಪೆನ್ನಿಗೆ ಎಷ್ಟು ಗ್ಯಾಸು ಎಂಬುದನ್ನು ಒಳಗಿನ ಒಂದು ಹಲ್ಲುಚಕ್ರ ನಿರ್ಧರಿಸುತ್ತಿತ್ತು. ಕೊಳವೆ, ದೀಪ, ಅಡುಗೆಯ ಒಲೆ ಎಲ್ಲವನ್ನೂ ಕಂಪನಿಯೇ ಮುಂಗಡ ಕೇಳದೆ ಅಳವಡಿಸಿಕೊಟ್ಟು, ಅದರ ವೆಚ್ಚವನ್ನು ಸಾಮಾನ್ಯ ಗ್ರಾಹಕರ ದರಕ್ಕಿಂತ ತುಸು ಹೆಚ್ಚಿನ ದರದ ಮೂಲಕ ಪೆನ್ನಿ ಪೆನ್ನಿಯಾಗಿ ವಸೂಲಿ ಮಾಡಿಕೊಳ್ಳುತ್ತಿತ್ತು. ಕಾಲಕಾಲಕ್ಕೆ ಬರುತ್ತಿದ್ದ ವಸೂಲಿಗಾರನು ಪೆಟ್ಟಿಗೆಯ ಬೀಗ ತೆಗೆದು, ನಾಣ್ಯಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದು ಗುಡ್ಡೆಗುಡ್ಡೆಯಾಗಿ ಎಣಿಸಿ, ಹೆಚ್ಚುವರಿಯಾಗಿ ಸಂದ ಪೆನ್ನಿಗಳನ್ನು ಮನೆಯಾಕೆಗೆ ಅಲ್ಲಿಯೇ ಹಿಂತಿರುಗಿಸುತ್ತಿದ್ದನು. ಒಂದು ಪೌಂಡ್ ಮೊತ್ತದ 240 ಪೆನ್ನಿಗಳು ಎರಡೂಕಾಲು ಕಿಲೋಗ್ರಾಂ ತೂಗುತ್ತಿದ್ದುದರಿಂದ ಒಂದು ಬೀದಿಯ ವಸೂಲಿಯೆಂದರೆ ಹೆಗಲಿಗೆ ಮೀರಿದ ಭಾರವಾಗಿ, ಅದನ್ನು ಸಾಗಿಸಲು ಗಾಡಿಯೇ ಬೇಕಾಗುತ್ತಿತ್ತು.

ಈ ಪೆಟ್ಟಿಗೆಯ ಸಾಮಾಜಿಕ ಮಹತ್ವ ಅದರ ಯಂತ್ರಕೌಶಲಕ್ಕಿಂತ ದೊಡ್ಡದು. ಸಾಲದ ಅರ್ಹತೆಯಿಲ್ಲದ, ಆಸ್ತಿಯಿಲ್ಲದ ಬಾಡಿಗೆದಾರರು ಮನೆ ಮಾಲೀಕರ ಮಧ್ಯಸ್ಥಿಕೆಯಿಲ್ಲದೆ ಕಂಪನಿಯೊಂದರ ನೇರ ಗ್ರಾಹಕರಾದದ್ದು ಇದೇ ಮೊದಲು. ಆದರೆ ಇದೇ ತಂತ್ರ ತದ್ವಿರುದ್ಧ ದಿಕ್ಕಿಗೂ ತಿರುಗಿತು. ದೊಡ್ಡ ಮನೆಗಳನ್ನು ಒಡೆದು ಒಂದೊಂದು ಕೋಣೆಯನ್ನು ಬೇರೆಬೇರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದ ಮಾಲೀಕರು ಇಡೀ ಮನೆಯ ಪೂರೈಕೆಯನ್ನು ತಮ್ಮ ಹೆಸರಿನಲ್ಲಿ ಪಡೆದು, ಕೋಣೆಗೊಂದರಂತೆ ತಮ್ಮದೇ ಕಾಸಿನ ಮೀಟರುಗಳನ್ನು ಹಾಕಿಸಿ, ದರವನ್ನು ತಮಗೆ ಬೇಕಾದಂತೆ ಹೊಂದಿಸಿಕೊಂಡರು. ಅಂಥ ಕೋಣೆಯ ಬಾಡಿಗೆದಾರರು ಕಂಪನಿಯ ಲೆಕ್ಕದಲ್ಲಿ ಇಲ್ಲದವರಾಗಿ, ಮನೆ ಮಾಲೀಕನೇ ಅವರ ಪಾಲಿಗೆ ಚಿಲ್ಲರೆ ವ್ಯಾಪಾರಿಯಾದನು. ಹೀಗೆ ಒಬ್ಬರು ಕೊಂಡ ಇಂಧನವನ್ನು ಇನ್ನೊಬ್ಬರಿಗೆ ಮಾರುವುದನ್ನು ಕಾನೂನಿನ ಪರಿಭಾಷೆಯಲ್ಲಿ ಮರುಮಾರಾಟ ಎನ್ನುತ್ತಾರೆ. ಇದರಲ್ಲಿ ನಡೆಯುತ್ತಿದ್ದ ಸುಲಿಗೆಗೆ ತಡೆಯೊಡ್ಡಲು 1957ರ ವಿದ್ಯುತ್ ಕಾಯಿದೆಯು ಮರುಮಾರಾಟದ ಗರಿಷ್ಠ ದರವನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಷ್ಟ್ರೀಕರಣದಿಂದ ಹುಟ್ಟಿದ್ದ ಪ್ರಾದೇಶಿಕ ವಿದ್ಯುತ್ ಮಂಡಳಿಗಳಿಗೆ ಕೊಟ್ಟಿತು.

ಬಾಡಿಗೆದಾರರ ಆಯ್ಕೆ ಎಂಬ ಮಾತು ಸಾರ್ವಜನಿಕ ಚರ್ಚೆಗೆ ಬಂದದ್ದು ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ಅದೂ ಅನಿರೀಕ್ಷಿತ ಕಡೆಯಿಂದ. ಬ್ರಿಟನ್ನಿನ ಅನೇಕ ನಗರಸಭೆಗಳು ಆಗ ಸ್ವತಃ ವಿದ್ಯುತ್ ಉದ್ಯಮಗಳನ್ನು ನಡೆಸುತ್ತಿದ್ದವು, ಜೊತೆಗೆ ಸಾವಿರಾರು ಬಾಡಿಗೆ ಮನೆಗಳನ್ನು ಕಟ್ಟಿಸಿ ತಾವೇ ದೊಡ್ಡ ಮನೆ ಮಾಲೀಕರೂ ಆಗಿದ್ದವು. ತಮ್ಮ ಮನೆಗಳಲ್ಲಿ ತಮ್ಮದೇ ವಿದ್ಯುತ್ತು ಬಳಕೆಯಾಗಲೆಂದು ಅವುಗಳಲ್ಲಿ ಕೆಲವು ಹೊಸ ಬಡಾವಣೆಗಳಿಗೆ ಗ್ಯಾಸಿನ ಕೊಳವೆ ಬಾರದಂತೆ ನೋಡಿಕೊಂಡಾಗ, ಗಿರಾಕಿಗಳನ್ನು ಕಳೆದುಕೊಳ್ಳುವ ಭಯದಲ್ಲಿದ್ದ ಗ್ಯಾಸ್ ಕಂಪನಿಗಳು, ಅಡುಗೆಗೆ ಯಾವ ಇಂಧನ ಬೇಕೆಂಬುದನ್ನು ಬಾಡಿಗೆದಾರರೇ ಆರಿಸಿಕೊಳ್ಳಲಿ ಎಂದು ವಾದಿಸಿದವು. ಸ್ವಹಿತದಿಂದಲೇ ಹುಟ್ಟಿದ ಈ ವಾದ ಎರಡು ಇಂಧನಗಳ ನಡುವಿನ ಆಯ್ಕೆಯನ್ನಷ್ಟೇ ಕುರಿತದ್ದಾಗಿದ್ದರೂ, ಮನೆಯ ಒಡೆತನವೂ ಇಂಧನದ ವ್ಯಾಪಾರವೂ ಒಂದೇ ಕೈಯಲ್ಲಿದ್ದರೆ ಬಾಡಿಗೆದಾರರ ಸ್ಥಿತಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಸ್ಪಷ್ಟವಾಗಿ ಎದುರಿಗಿಟ್ಟಿತು.

ವಿದ್ಯುತ್ ಉದ್ಯಮ 1948ರ ಏಪ್ರಿಲ್ 1ರಂದು, ಗ್ಯಾಸ್ ಉದ್ಯಮ 1949ರ ಮೇ 1ರಂದು ರಾಷ್ಟ್ರೀಕರಣಗೊಂಡು ಪ್ರಾದೇಶಿಕ ಮಂಡಳಿಗಳ ಕೈಸೇರಿದ ಮೇಲೆ ಪೂರೈಕೆದಾರರ ಆಯ್ಕೆಯ ಪ್ರಶ್ನೆ ಮಾಲೀಕರಿಗೂ ಬಾಡಿಗೆದಾರರಿಗೂ ಸಮಾನವಾಗಿ ಇಲ್ಲವಾಯಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ 1986ರ ಗ್ಯಾಸ್ ಕಾಯಿದೆ ಮತ್ತು 1989ರ ವಿದ್ಯುತ್ ಕಾಯಿದೆಗಳ ಮೂಲಕ ಎರಡೂ ಉದ್ಯಮಗಳನ್ನು ಖಾಸಗಿಯವರಿಗೆ ಮಾರಿದಾಗಲೂ ಮನೆಬಳಕೆಯ ಗ್ರಾಹಕರ ಮಟ್ಟಿಗೆ ಏಕಸ್ವಾಮ್ಯ ಮುಂದುವರಿಯಿತು. ನಿಜವಾದ ಬದಲಾವಣೆ ಬಂದದ್ದು ತಂತಿ ಕೊಳವೆಗಳ ಒಡೆತನವನ್ನೂ ಇಂಧನದ ಮಾರಾಟವನ್ನೂ ಲೆಕ್ಕದಲ್ಲಿ ಬೇರ್ಪಡಿಸಿದಾಗ: ತಂತಿ ಅದೇ, ಮೀಟರು ಅದೇ, ಬಿಲ್ಲು ಕಳಿಸುವ ಕಂಪನಿ ಮಾತ್ರ ಬೇರೆ. 1860ರಲ್ಲಿ ಅಸಾಧ್ಯವೆನಿಸಿದ್ದ ಸ್ಪರ್ಧೆಯನ್ನು ಈ ವಿಂಗಡಣೆ ರಸ್ತೆ ಅಗೆಯದೆಯೇ ಸಾಧ್ಯವಾಗಿಸಿತು. ಗ್ಯಾಸಿನ ವಿಷಯದಲ್ಲಿ 1996ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಆಯ್ಕೆ 1998ರ ಮೇ ವೇಳೆಗೆ ಎಲ್ಲ ಮನೆಗಳಿಗೂ ದೊರೆಯಿತು. ವಿದ್ಯುತ್ತಿನಲ್ಲಿ ಅದು 1998ರ ಸೆಪ್ಟೆಂಬರಿನಿಂದ 1999ರ ಮೇವರೆಗೆ ಹಂತಹಂತವಾಗಿ ಜಾರಿಗೆ ಬಂತು. 2000ದ ಯುಟಿಲಿಟೀಸ್ ಕಾಯಿದೆಯ ಕಾಲಕ್ಕೆ ಎರಡೂ ಕ್ಷೇತ್ರಗಳ ನಿಯಂತ್ರಣ ಕಚೇರಿಗಳು ಒಂದುಗೂಡಿ ಆಫ್‌ಜೆಮ್ ಎಂಬ ಸಂಸ್ಥೆಯಾದವು.

ಹೊಸ ವ್ಯವಸ್ಥೆಯಲ್ಲಿ ಬಾಡಿಗೆದಾರರ ಸ್ಥಾನವನ್ನು ನಿರ್ಣಯಿಸಿದ ಕಲ್ಪನೆಯೆಂದರೆ ಊಹಿತ ಕರಾರು. ಹೊಸ ಬಾಡಿಗೆದಾರರು ಮನೆಗೆ ಬಂದು ಮೊದಲ ಬಾರಿಗೆ ದೀಪದ ಗುಂಡಿ ಒತ್ತಿದೊಡನೆ, ಯಾವ ಕಾಗದಕ್ಕೂ ಸಹಿ ಹಾಕದಿದ್ದರೂ, ಆ ಮನೆಗೆ ಆಗ ಪೂರೈಸುತ್ತಿರುವ ಕಂಪನಿಯೊಡನೆ ಅವರ ಕರಾರು ಏರ್ಪಟ್ಟಿತೆಂದು ಕಾನೂನು ಭಾವಿಸುತ್ತದೆ. ಇಂಥ ಕರಾರಿನಿಂದ ಹೊರಬಂದು ಬೇರೆ ಕಂಪನಿಗೆ ಹೋಗಲು ದಂಡ ತೆರಬೇಕಿಲ್ಲ. ಇದರ ಆಧಾರದ ಮೇಲೆ ಆಫ್‌ಜೆಮ್ ತಳೆದ ನಿಲುವು ಇದು: ಬಿಲ್ಲನ್ನು ನೇರವಾಗಿ ಕಂಪನಿಗೆ ಕಟ್ಟುವ ಹೊಣೆ ಬಾಡಿಗೆದಾರರದಾಗಿದ್ದರೆ ಪೂರೈಕೆದಾರರನ್ನು ಆರಿಸುವ ಹಕ್ಕೂ ಅವರದು, ಬಾಡಿಗೆ ಕರಾರಿನಲ್ಲಿ ಮಾಲೀಕರ ಮೆಚ್ಚಿನ ಕಂಪನಿಯ ಹೆಸರಿದ್ದರೂ ಅದನ್ನು ಮುಂದಿಟ್ಟುಕೊಂಡು ಸಕಾರಣವಿಲ್ಲದೆ ಅವರನ್ನು ತಡೆಯುವಂತಿಲ್ಲ. ಮೀಟರನ್ನೇ ಬದಲಿಸುವ ಸಂದರ್ಭದಲ್ಲಿ ಮಾತ್ರ ಮಾಲೀಕರ ಒಪ್ಪಿಗೆ ಕೇಳಿಕೊಳ್ಳುವುದು ಸೂಕ್ತವೆಂದು ಹೇಳಲಾಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಬಾಡಿಗೆದಾರರ ಮೇಲೆ ಮೂರನೆಯವರ ಸೇವೆಗಳನ್ನು ಹೇರುವುದನ್ನು ಇಂಗ್ಲೆಂಡಿನಲ್ಲಿ ನಿಷೇಧಿಸಿದ 2019ರ ಬಾಡಿಗೆದಾರರ ಶುಲ್ಕ ಕಾಯಿದೆಯು ಗ್ಯಾಸು, ವಿದ್ಯುತ್ತು ಮುಂತಾದವುಗಳ ಕರಾರನ್ನು ಆ ನಿಷೇಧದಿಂದ ಹೊರಗಿಟ್ಟಿದೆ. ಎಂದರೆ ಈ ಹಕ್ಕು ಬಾಡಿಗೆ ಕಾನೂನಿನ ಬಲದಿಂದಲ್ಲದೆ ಇಂಧನ ಮಾರುಕಟ್ಟೆಯ ನಿಯಮಗಳ ಬಲದಿಂದಲೇ ನಿಂತಿದೆ.

ಮೀಟರು ಮಾಲೀಕರ ಹೆಸರಿನಲ್ಲಿದ್ದು, ಬಾಡಿಗೆಯೊಳಗೆ ಸೇರಿಸಿಯೋ ಉಪಮೀಟರಿನ ಲೆಕ್ಕದಲ್ಲಿಯೋ ಅವರು ಹಣ ವಸೂಲಿ ಮಾಡುವಲ್ಲಿ ಗ್ರಾಹಕರೆಂದರೆ ಮಾಲೀಕರೇ. ಅಲ್ಲಿ ಬಾಡಿಗೆದಾರರಿಗೆ ಆಯ್ಕೆಯಿಲ್ಲ, ಬೆಲೆಯ ರಕ್ಷಣೆ ಮಾತ್ರ ಇದೆ. 2003ರ ಜನವರಿಯಿಂದ ಜಾರಿಯಲ್ಲಿರುವ ಆಫ್‌ಜೆಮ್ ಆದೇಶದ ಪ್ರಕಾರ ಉಪಮೀಟರಿನ ಮೂಲಕ ಮರುಮಾರಾಟ ಮಾಡುವ ಮಾಲೀಕರು ತಾವು ಕೊಟ್ಟ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. ಒಂದೇ ಒಡೆತನದ ದೊಡ್ಡ ಆವರಣಗಳೊಳಗಿನ ಖಾಸಗಿ ತಂತಿಜಾಲಗಳ ವಿಷಯದಲ್ಲಿ ಯುರೋಪಿನ ನ್ಯಾಯಾಲಯವು ಜರ್ಮನಿಯ ಲೈಪ್ಜಿಗ್ ವಿಮಾನನಿಲ್ದಾಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2008ರಲ್ಲಿ ಕೊಟ್ಟ ತೀರ್ಪು ಇನ್ನೊಂದು ಹೆಜ್ಜೆಗೆ ಕಾರಣವಾಯಿತು. ಇಂಥ ಜಾಲಗಳನ್ನು ಹೊರಗಿನ ಪೂರೈಕೆದಾರರಿಗೆ ಸಾರಾಸಗಟಾಗಿ ಮುಚ್ಚಿಡುವಂತಿಲ್ಲವೆಂದು ಆ ತೀರ್ಪು ಹೇಳಿದ್ದರಿಂದ, ಬ್ರಿಟನ್ 2011ರಲ್ಲಿ ನಿಯಮಗಳನ್ನು ತಿದ್ದಿ, ಪರವಾನಗಿ ಬೇಕಿಲ್ಲದ ಸಣ್ಣ ಜಾಲಗಳಲ್ಲಿರುವವರಿಗೂ ಪೂರೈಕೆದಾರರನ್ನು ಆರಿಸಿಕೊಳ್ಳುವ ದಾರಿ ತೆರೆಯಿತು.

ಕಾಗದದ ಮೇಲೆ ಹೀಗೆ ಹಿಗ್ಗುತ್ತ ಬಂದ ಹಕ್ಕು ಬಳಕೆಯಲ್ಲಿ ಅಷ್ಟೇ ಹಿಗ್ಗಲಿಲ್ಲ. ಸ್ಪರ್ಧಾ ಪ್ರಾಧಿಕಾರವು 2016ರಲ್ಲಿ ಮುಗಿಸಿದ ವಿಚಾರಣೆಯು, ಕಡಿಮೆ ಆದಾಯದವರೂ ಬಾಡಿಗೆ ಮನೆಗಳಲ್ಲಿರುವವರೂ ಕಂಪನಿ ಬದಲಿಸುವುದು ಕಡಿಮೆಯೆಂದೂ, ಆರು ದೊಡ್ಡ ಕಂಪನಿಗಳ ಗ್ರಾಹಕರಲ್ಲಿ ಸುಮಾರು ಶೇ. 70ರಷ್ಟು ಮಂದಿ ತಾವಾಗಿ ಆರಿಸದ ದುಬಾರಿ ದರದಲ್ಲೇ ಉಳಿದಿದ್ದಾರೆಂದೂ ಕಂಡುಕೊಂಡಿತು. ಸ್ಲಾಟ್ ಮೀಟರಿನ ವಾರಸುದಾರನಾದ, ಕೀಲಿ ಅಥವಾ ಕಾರ್ಡಿಗೆ ಮುಂಚಿತವಾಗಿ ಹಣ ತುಂಬಿಸುವ ಮೀಟರು ಬಾಡಿಗೆ ಮನೆಗಳಲ್ಲೇ ಹೆಚ್ಚಾಗಿದ್ದು, ಹಿಂದಿನ ಬಾಕಿ ಇರುವವರಿಗೆ ಕಂಪನಿ ಬದಲಿಸುವುದು ಇನ್ನಷ್ಟು ತೊಡಕಾಗಿತ್ತು. ಆಯ್ಕೆಯೊಂದರಿಂದಲೇ ಗ್ರಾಹಕರ ರಕ್ಷಣೆಯಾಗದೆಂದು ಮನಗಂಡ ಸಂಸತ್ತು 2018ರ ಕಾಯಿದೆಯ ಮೂಲಕ ದರಕ್ಕೆ ಮಿತಿ ಹಾಕಿತು; ಅದು 2019ರ ಜನವರಿ 1ರಿಂದ ಜಾರಿಗೆ ಬಂತು. 2021ರ ಕೊನೆಯ ತಿಂಗಳುಗಳಲ್ಲಿ ಗ್ಯಾಸಿನ ಸಗಟು ಬೆಲೆ ಏರಿ ಹತ್ತಾರು ಸಣ್ಣ ಕಂಪನಿಗಳು ಮುಳುಗಿದಾಗ ಆರಿಸಿಕೊಳ್ಳಲು ಅಗ್ಗದ ದರವೇ ಉಳಿಯಲಿಲ್ಲ. 2022ರ ಜುಲೈಯಲ್ಲಿ ಕಂಪನಿ ಬದಲಾವಣೆಯನ್ನು ಐದು ಕೆಲಸದ ದಿನಗಳೊಳಗೆ ಮುಗಿಸುವ ವ್ಯವಸ್ಥೆ ಬಂದರೂ ಬದಲಿಸುವವರೇ ವಿರಳರಾಗಿದ್ದರು. ಅದೇ ವರ್ಷ ಸರ್ಕಾರ ಕೊಟ್ಟ ಸಹಾಯಧನ ಮೀಟರಿನ ಹೆಸರುದಾರರ ಖಾತೆಗೆ ಜಮೆಯಾಗುತ್ತಿದ್ದುದರಿಂದ, ಅದನ್ನು ಮಾಲೀಕರು ಬಾಡಿಗೆದಾರರಿಗೆ ದಾಟಿಸಲೇಬೇಕೆಂದು ಪ್ರತ್ಯೇಕ ನಿಯಮವನ್ನೇ ಮಾಡಬೇಕಾಯಿತು.

ಆಯ್ಕೆಯ ಮಿತಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಶಾಖಜಾಲಗಳಲ್ಲಿ, ಎಂದರೆ ಒಂದೇ ಕೇಂದ್ರದಲ್ಲಿ ಕಾಯಿಸಿದ ನೀರನ್ನು ಕೊಳವೆಗಳ ಮೂಲಕ ಹಲವು ಮನೆಗಳಿಗೆ ಹರಿಸುವ ವ್ಯವಸ್ಥೆಗಳಲ್ಲಿ. ಬ್ಯಾಟರ್‌ಸಿ ವಿದ್ಯುತ್ ಕೇಂದ್ರದಲ್ಲಿ ವ್ಯರ್ಥವಾಗುತ್ತಿದ್ದ ಶಾಖವನ್ನು ಥೇಮ್ಸ್ ನದಿಯ ಅಡಿಯಿಂದ ತಂದು 1950ರಲ್ಲಿ ಆರಂಭಿಸಿದ ಪಿಮ್ಲಿಕೊ ಜಾಲ ಇವುಗಳಲ್ಲಿ ಹೆಸರಾದುದು. 2018ರ ಒಂದು ಅಧ್ಯಯನದ ಪ್ರಕಾರ ದೇಶದಲ್ಲಿ ಇಂಥ ಸುಮಾರು 14,000 ಜಾಲಗಳಿದ್ದವು. ಇಲ್ಲಿ ಕೊಳವೆಯೂ ಒಂದೇ, ಶಾಖದ ಮೂಲವೂ ಒಂದೇ ಆದುದರಿಂದ ಬಾಡಿಗೆದಾರರಾಗಲಿ ಮನೆಯ ಒಡೆಯರಾಗಲಿ ಪೂರೈಕೆದಾರರನ್ನು ಬದಲಿಸಲಾರರು. ಅದನ್ನರಿತೇ 2023ರ ಇಂಧನ ಕಾಯಿದೆಯು ಈ ಜಾಲಗಳನ್ನು ಆಫ್‌ಜೆಮ್ ನಿಯಂತ್ರಣಕ್ಕೆ ಒಳಪಡಿಸಿ, ನ್ಯಾಯವಾದ ಬೆಲೆ ಮತ್ತು ದೂರಿನ ಪರಿಹಾರಗಳ ಹಾದಿಯನ್ನು ಹಿಡಿಯಿತು. ಕಲ್ಲಿದ್ದಲು, ಗ್ಯಾಸುಗಳನ್ನು ಬಿಟ್ಟು ಇಂಥ ಸಾಮೂಹಿಕ ವ್ಯವಸ್ಥೆಗಳ ಕಡೆಗೆ ಬ್ರಿಟನ್ ಹೊರಳಿದಷ್ಟೂ, ಆಯ್ಕೆಯ ಹಕ್ಕಿನಿಂದ ಬಾಡಿಗೆದಾರರಿಗೆ ದೊರೆಯುವ ರಕ್ಷಣೆ ಕಿರಿದಾಗಿ, ಮರುಮಾರಾಟದ ಮಿತಿಯಂಥ ಹಳೆಯ ಬೆಲೆಕಟ್ಟಳೆಗಳ ಮೇಲೆ ಅವರ ಅವಲಂಬನೆ ಹೆಚ್ಚುತ್ತದೆ. ತಮ್ಮ ಹೆಸರಿನ ಮೀಟರು ಇಲ್ಲದವರ ಹಿತವನ್ನು ಕಾಪಾಡಿದ್ದು ಈ ಇತಿಹಾಸದುದ್ದಕ್ಕೂ ಅಂಥ ಕಟ್ಟಳೆಗಳೇ.