ಜಿರಲಿ ಯಾರ ಪೈಕಿ?

ರಾತ್ರಿ ಅಡಗಿಮನಿ ದೀಪಾ ಹಚ್ಚಿದ ಕೂಡ್ಲೆ ಸಂದಿಗೆ ಓಡತದಲಾ ಸಣ್ಣ ಕಂದು ಜಿರಲಿ, ಅದರ ಹೆಸರು ಜರ್ಮನ್ ಜಿರಲೆ. 1767ರಾಗ ಸ್ವೀಡನ್ನಿನ ಲಿನೇಯಸ್ ಅದಕ್ಕ ಜರ್ಮನಿ ಹೆಸರು ಹಚ್ಚಿದ. ರಷ್ಯಾದವರು ಅದನ್ನ 'ಪ್ರಷ್ಯಾದ್ದು' ಅಂದ್ರು. ಪ್ರಷ್ಯಾದವರು 'ರಷ್ಯಾದ್ದು' ಅಂದ್ರು. ನಮ್ದು ಅಂತ ಯಾರೂ ಅನ್ನಲಿಲ್ಲ.

2024ರಾಗ ವಿಜ್ಞಾನಿಗಳು ಅದರ ವಂಶವಾಹಿ ಓದಿ ಮೂಲ ಹುಡುಕಿದ್ರು. ಸುಮಾರು 2,100 ವರ್ಷದ ಹಿಂದ, ಭಾರತ ಇಲ್ಲಾ ಮ್ಯಾನ್ಮಾರ್ ಕಡೆ, ಏಷ್ಯಾದ ಬಯಲು ಜಿರಲೆಯಿಂದ ಇದು ಬ್ಯಾರೆ ಆತಂತ. ಆಮ್ಯಾಲೆ ವ್ಯಾಪಾರದ ಸರಕಿನ ಜೋಡಿ ಲೋಕ ತಿರುಗೇದ. ಕಾಡಿನಾಗ ಇದಕ್ಕ ನೆಲೆ ಇಲ್ಲ; ಮನುಷ್ಯಾರ ಮನಿನೇ ಇದರ ಊರು.

ಇವತ್ತೂ ನಾ ಸಂದಿಗೆ ಬೋರಿಕ್ ಪುಡಿ ಇಡಾಕಿನ. ಆದ್ರ 'ಎಲ್ಲಿಂದ ಬಂತೋ ಪೀಡಾ' ಅಂತ ಮಾತ್ರ ಇನ್ನ ಬೈಯೂದಿಲ್ಲ.